ಗುರುತ್ವ ಅಲೆಗಳು: ಕಪ್ಪುದ್ರವ್ಯ ಮತ್ತು ಕಪ್ಪುಶಕ್ತಿಯ ಅಧ್ಯಯನದಲ್ಲಿ

ನಕ್ಷತ್ರ, ಗ್ರಹ, ಅನಿಲ, ದೂಳು ಎಲ್ಲವನ್ನೂ ಕೂಡಿಸಿದರೆ ವಿಶ್ವದ ಒಟ್ಟು ದ್ರವ್ಯ ಮತ್ತು ಶಕ್ತಿಯಲ್ಲಿ ಶೇ. 5ರಷ್ಟಾಗುತ್ತದೆ. ಉಳಿದದ್ದರಲ್ಲಿ ಸುಮಾರು ಶೇ. 27 ಕಪ್ಪುದ್ರವ್ಯ, ಶೇ. 68 ಕಪ್ಪುಶಕ್ತಿ ಎಂಬುದು ಇಂದಿನ ವಿಶ್ವವಿಜ್ಞಾನದ ಲೆಕ್ಕ. ಈ ಎರಡರ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಅವುಗಳ ಗುರುತ್ವದಿಂದಲೇ ಗೊತ್ತಾದದ್ದು. 1933ರಲ್ಲಿ ಫ್ರಿಟ್ಜ್ ಝ್ವಿಕಿ ಕೋಮಾ ಗುಚ್ಛದ ಗೆಲಾಕ್ಸಿಗಳನ್ನು ಗಮನಿಸಿ, ಕಣ್ಣಿಗೆ ಕಾಣುವ ದ್ರವ್ಯದ ಸೆಳೆತ ಹಿಡಿದಿಡಲಾರದಷ್ಟು ವೇಗದಲ್ಲಿ ಅವು ಓಡುತ್ತಿವೆ ಎಂದರು. 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗೆಲಾಕ್ಸಿ ತಿರುಗುವ ಬಗೆಯನ್ನು ಅಳೆದಾಗ, ಅಂಚಿನತ್ತ ಹೋದಂತೆ ಇಳಿಯಬೇಕಿದ್ದ ವೇಗ ಇಳಿಯಲಿಲ್ಲ. 1998ರಲ್ಲಿ ಎರಡು ತಂಡಗಳು ದೂರದ ಸೂಪರ್‌ನೋವಾಗಳು ನಿರೀಕ್ಷೆಗಿಂತ ಮಂಕಾಗಿರುವುದನ್ನು ಕಂಡವು. ವಿಶ್ವ ಹಿಗ್ಗುವ ವೇಗ ತಗ್ಗುವ ಬದಲು ಏರುತ್ತಿದೆ ಎಂದು ಅದರಿಂದ ತಿಳಿಯಿತು. ಈ ಮೂರೂ ಸಂದರ್ಭಗಳಲ್ಲಿ ಕೆಲಸ ಮಾಡಿದ್ದು ಗುರುತ್ವ, ಸುದ್ದಿ ತಂದದ್ದು ಮಾತ್ರ ಬೆಳಕು. ಗುರುತ್ವದ ಸುದ್ದಿಯನ್ನು ಗುರುತ್ವದಿಂದಲೇ ಕೇಳುವ ದಾರಿ ತೆರೆದದ್ದು 2015ರಲ್ಲಿ. ಆ ದಾರಿಯಿಂದ ಇದುವರೆಗೆ ಬಂದದ್ದೇನು ಎಂದು ಕೇಳಿದರೆ, ಕಪ್ಪುದ್ರವ್ಯದ ಒಂದು ಕಣವೂ ಸಿಕ್ಕಿಲ್ಲ, ಕಪ್ಪುಶಕ್ತಿಯ ಸ್ವರೂಪವೂ ಗೊತ್ತಾಗಿಲ್ಲ. ಆದರೂ ಈ ಅಧ್ಯಯನ ಬರಿಗೈಯಲ್ಲಿ ಕೂತಿದೆ ಎನ್ನುವುದು ತಪ್ಪು. ಅದರ ಮುಖ್ಯ ಗಳಿಕೆ ತಳ್ಳಿಹಾಕುವಿಕೆಯದು. ಬೇರೆ ಯಾವ ಸಾಧನದಿಂದಲೂ ಅಲ್ಲಗಳೆಯಲಾಗದಿದ್ದ ಕೆಲವು ಊಹೆಗಳನ್ನು ಗುರುತ್ವ ಅಲೆಗಳು ಅಲ್ಲಗಳೆದಿವೆ.

ಐನ್‌ಸ್ಟೈನ್ 1916ರಲ್ಲಿ ತಮ್ಮ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದಿಂದ ಗುರುತ್ವ ಅಲೆಗಳನ್ನು ಊಹಿಸಿದರು. 1974ರಲ್ಲಿ ರಸೆಲ್ ಹಲ್ಸ್ ಮತ್ತು ಜೋಸೆಫ್ ಟೇಲರ್ ಪತ್ತೆಹಚ್ಚಿದ ಜೋಡಿ ಪಲ್ಸಾರ್‌ನ ಕಕ್ಷೆ ಸಿದ್ಧಾಂತ ಹೇಳಿದಷ್ಟೇ ಕುಗ್ಗುತ್ತಿರುವುದು ಮುಂದೆ ಗೊತ್ತಾಗಿ, ಅಲೆಗಳಿಗೆ ಪರೋಕ್ಷ ಸಾಕ್ಷ್ಯ ಸಿಕ್ಕಿತು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಹ್ಯಾನ್‌ಫರ್ಡ್ ಮತ್ತು ಲಿವಿಂಗ್‌ಸ್ಟನ್‌ನಲ್ಲಿರುವ ಲೈಗೋ ಶೋಧಕಗಳು ಮೊದಲ ಬಾರಿಗೆ ಅಲೆಯನ್ನೇ ಹಿಡಿದವು. ಸೂರ್ಯನ ಸುಮಾರು 36 ಮತ್ತು 29 ಪಟ್ಟು ದ್ರವ್ಯರಾಶಿಯ ಎರಡು ಕಪ್ಪುಕುಳಿಗಳು ಒಂದಾಗಿ, ಮೂರು ಸೂರ್ಯರಷ್ಟು ದ್ರವ್ಯರಾಶಿ ಅಲೆಗಳಾಗಿ ಹರಡಿಹೋಗಿತ್ತು. ಶೋಧಕದ 4 ಕಿಲೋಮೀಟರ್ ಉದ್ದದ ತೋಳು ಆಗ ಬದಲಾದದ್ದು ಒಂದು ಪ್ರೋಟಾನಿನ ಅಗಲದ ನೂರಾರು ಪಾಲಿನಲ್ಲಿ ಒಂದರಷ್ಟು. ಈ ಅಲೆಗಳಿಗೆ ವಿಶ್ವವಿಜ್ಞಾನದಲ್ಲಿ ವಿಶೇಷ ಬೆಲೆ ಬರಲು ಕಾರಣ ಅವುಗಳ ರಚನೆಯಲ್ಲೇ ಇದೆ. ಎರಡು ಕಾಯಗಳು ಸುತ್ತುತ್ತಾ ಹತ್ತಿರವಾದಂತೆ ಅಲೆಯ ಆವೃತ್ತಿ ಏರುತ್ತದೆ. ಏರುವ ದರ ಆ ಕಾಯಗಳ ದ್ರವ್ಯರಾಶಿಯ ಒಂದು ನಿರ್ದಿಷ್ಟ ಸಂಯೋಗವನ್ನು ತಿಳಿಸುತ್ತದೆ. ದ್ರವ್ಯರಾಶಿ ಗೊತ್ತಾದರೆ ಅಲೆ ಹೊರಟಾಗ ಎಷ್ಟು ಪ್ರಬಲವಾಗಿತ್ತೆಂದು ಲೆಕ್ಕ ಹಾಕಬಹುದು, ಇಲ್ಲಿ ಅದು ಎಷ್ಟು ಕ್ಷೀಣವಾಗಿ ತಲುಪಿತು ಎನ್ನುವುದರಿಂದ ದೂರ ತಿಳಿಯುತ್ತದೆ. ಬರ್ನಾರ್ಡ್ ಶುಟ್ಜ್ 1986ರಲ್ಲೇ ಇದನ್ನು ತೋರಿಸಿಕೊಟ್ಟಿದ್ದರು. ಸೂಪರ್‌ನೋವಾದ ದೂರ ಹೇಳಬೇಕಾದರೆ ಮೊದಲು ಹತ್ತಿರದ ಸೆಫೀಡ್ ನಕ್ಷತ್ರಗಳ ದೂರ ಗೊತ್ತಿರಬೇಕು, ಅದಕ್ಕೂ ಮುನ್ನ ಇನ್ನೂ ಹತ್ತಿರದ ನಕ್ಷತ್ರಗಳ ಸ್ಥಾನಪಲ್ಲಟ ಅಳೆದಿರಬೇಕು. ಗುರುತ್ವ ಅಲೆಗೆ ಈ ಏಣಿ ಬೇಕಿಲ್ಲ. ಅದರ ಅಳತೆಗೋಲು ಸಾಮಾನ್ಯ ಸಾಪೇಕ್ಷತೆಯ ಸಮೀಕರಣವೇ. ಸಂಶೋಧಕರು ಇಂಥ ಮೂಲಗಳನ್ನು ಮಾನಕ ಸೈರನ್‌ಗಳು ಎನ್ನುತ್ತಾರೆ.

ಇಡೀ ವಿಷಯದ ತಿರುವು 2017ರ ಆಗಸ್ಟ್ 17ರ ಒಂದು ಘಟನೆ. ಅಂದು ಲೈಗೋದಲ್ಲಿ ಸುಮಾರು 100 ಸೆಕೆಂಡು ಉದ್ದದ ಸಂಕೇತ ದಾಖಲಾಯಿತು. ಕಪ್ಪುಕುಳಿಗಳ ಸಂಕೇತ ಸೆಕೆಂಡಿನೊಳಗೇ ಮುಗಿಯುವುದುಂಟು. ಇಷ್ಟು ಉದ್ದವೆಂದರೆ ಹಗುರವಾದ ನ್ಯೂಟ್ರಾನ್ ನಕ್ಷತ್ರಗಳ ಜೋಡಿಯೇ ಇರಬೇಕು. ವಿಲೀನಕ್ಕೆ ಸುಮಾರು ಒಂದು ಸೆಕೆಂಡು ಮೊದಲು ಲಿವಿಂಗ್‌ಸ್ಟನ್ ಶೋಧಕದಲ್ಲಿ ಜೋರು ಗದ್ದಲವೊಂದು ನುಗ್ಗಿ ಸಂಕೇತದ ಮೇಲೆ ಕೂತಿತ್ತು, ಅದನ್ನು ಕತ್ತರಿಸಿ ತೆಗೆಯಬೇಕಾಯಿತು. ಇಟಲಿಯ ವರ್ಗೋ ಶೋಧಕದಲ್ಲಿ ಸಂಕೇತ ತೀರಾ ಮಂದವಾಗಿತ್ತು. ಆ ಮಂದತನವೇ ಉಪಕಾರಕ್ಕೆ ಬಂತು. ಅಲೆ ವರ್ಗೋಗೆ ಸರಿಯಾಗಿ ಕೇಳಿಸದ ದಿಕ್ಕಿನಿಂದ ಬಂದಿದೆ ಎಂದು ಗೊತ್ತಾಗಿ, ಹುಡುಕಬೇಕಾದ ಆಕಾಶದ ತುಂಡು ಸುಮಾರು 28 ಚದರ ಡಿಗ್ರಿಗೆ ಇಳಿಯಿತು. ವಿಲೀನವಾಗಿ 1.7 ಸೆಕೆಂಡಿಗೆ ಫರ್ಮಿ ಉಪಗ್ರಹ ಗಾಮಾ ಕಿರಣಗಳ ಸಿಡಿತವನ್ನು ಕಂಡಿತ್ತು. ಸುಮಾರು 11 ಗಂಟೆಗಳ ನಂತರ ಚಿಲಿಯ ಲಾಸ್ ಕಂಪಾನಸ್‌ನಲ್ಲಿರುವ ಸ್ವೋಪ್ ದೂರದರ್ಶಕ ಎನ್‌ಜಿಸಿ 4993 ಎಂಬ ಗೆಲಾಕ್ಸಿಯ ಬದಿಯಲ್ಲಿ ಹೊಸ ಬೆಳಕಿನ ಚುಕ್ಕೆಯನ್ನು ಹಿಡಿಯಿತು. ಗೆಲಾಕ್ಸಿ ನಮ್ಮಿಂದ ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ.

ಆ 1.7 ಸೆಕೆಂಡಿನಲ್ಲಿ ಅಡಗಿರುವ ಮಾಹಿತಿಯನ್ನು ಬಿಡಿಸಿ ನೋಡಬೇಕು. 13 ಕೋಟಿ ವರ್ಷ ಪಯಣಿಸಿದ ಬೆಳಕು ಮತ್ತು ಗುರುತ್ವ ಅಲೆ ಎರಡು ಸೆಕೆಂಡಿನೊಳಗೆ ಬಂದು ತಲುಪಿವೆ. ಗಾಮಾ ಕಿರಣ ವಿಲೀನದ ಕ್ಷಣದಲ್ಲೇ ಹೊರಟಿತೋ ಕೆಲವು ಸೆಕೆಂಡು ತಡವಾಗಿ ಹೊರಟಿತೋ ಎಂಬ ಸಂದೇಹಕ್ಕೆ ಧಾರಾಳವಾಗಿ ಅವಕಾಶ ಕೊಟ್ಟರೂ, ಎರಡರ ವೇಗದ ವ್ಯತ್ಯಾಸ ಹತ್ತು ಕೋಟಿ ಕೋಟಿಯಲ್ಲಿ ಕೆಲವೇ ಪಾಲುಗಳನ್ನು ಮೀರುವುದಿಲ್ಲ. ಇದಕ್ಕೂ ಕಪ್ಪುಶಕ್ತಿಗೂ ಏನು ಸಂಬಂಧ? ವಿಶ್ವದ ಬಿರುಸಿನ ಹಿಗ್ಗುವಿಕೆಗೆ ಎರಡು ಬಗೆಯ ವಿವರಣೆಗಳಿವೆ. ಬರಿದಾದ ಅವಕಾಶದಲ್ಲೇ ಒಂದು ಶಕ್ತಿ ಇದೆ ಎನ್ನುವುದು ಒಂದು. ಶಕ್ತಿಗಿಕ್ತಿ ಏನೂ ಇಲ್ಲ, ಅಗಾಧ ದೂರಗಳಲ್ಲಿ ಗುರುತ್ವದ ನಿಯಮವೇ ಬೇರೆ ಎನ್ನುವುದು ಇನ್ನೊಂದು. ಎರಡನೆಯ ಬಗೆಯ ಸಿದ್ಧಾಂತಗಳಲ್ಲಿ ಬಹುಪಾಲು, ಗ್ರೆಗರಿ ಹಾರ್ನ್‌ಡೆಸ್ಕಿ 1974ರಲ್ಲಿ ಬರೆದ ಒಂದು ವಿಶಾಲ ಚೌಕಟ್ಟಿನೊಳಗೆ ಬರುತ್ತವೆ. ಅವುಗಳಲ್ಲಿ ಅನೇಕವು ಒಂದು ಹೊಸ ಕ್ಷೇತ್ರವನ್ನು ವಕ್ರತೆಗೆ ಜೋಡಿಸುವ ರೀತಿಯಿಂದಾಗಿ ಗುರುತ್ವ ಅಲೆಯ ವೇಗವನ್ನು ಬೆಳಕಿನ ವೇಗದಿಂದ ಬೇರ್ಪಡಿಸುತ್ತವೆ. ಸೂಪರ್‌ನೋವಾ ಎಣಿಸಿ, ಗೆಲಾಕ್ಸಿಗಳ ನಕ್ಷೆ ಬರೆದು ಇವನ್ನು ಅಲ್ಲಗಳೆಯುವುದು ಕಷ್ಟವಾಗಿತ್ತು. ಹೊಂದಿಸಿಕೊಳ್ಳಲು ಬೇಕಾದಷ್ಟು ಕೀಲಿಗಳು ಅವುಗಳಲ್ಲಿದ್ದವು. 2017ರ ಘಟನೆ ಪ್ರಕಟವಾದ ಬೆನ್ನಿಗೇ ನಾಲ್ಕು ತಂಡಗಳು ಬೇರೆ ಬೇರೆಯಾಗಿ ಒಂದೇ ತೀರ್ಮಾನಕ್ಕೆ ಬಂದವು. ಆ ಚೌಕಟ್ಟಿನೊಳಗಿನ ಚತುರ್ಥ ಮತ್ತು ಪಂಚಮ ದರ್ಜೆಯ ಗೆಲಿಲಿಯಾನ್ ಸಿದ್ಧಾಂತಗಳು ಮತ್ತು ಅವುಗಳ ಸಂಬಂಧಿಕರು ಕಪ್ಪುಶಕ್ತಿಯ ವಿವರಣೆಯಾಗಿ ಉಳಿಯುವುದಿಲ್ಲ.

ಒಂದೇ ಘಟನೆಯ ಮೇಲೆ ಇಷ್ಟು ದೊಡ್ಡ ತೀರ್ಪು ಕೊಡಬಹುದೇ ಎಂದು ಓದುಗರು ಕೇಳಬಹುದು. ಎಣಿಕೆಯ ದೃಷ್ಟಿಯಿಂದ ಆಕ್ಷೇಪ ಗಟ್ಟಿಯಲ್ಲ. ಈ ಸಿದ್ಧಾಂತಗಳಲ್ಲಿ ಕೆಲವು ಊಹಿಸಿದ ವ್ಯತ್ಯಾಸ ನಿಜವಾಗಿದ್ದರೆ ಬೆಳಕು ಮತ್ತು ಅಲೆ ಸಾವಿರಾರು ವರ್ಷಗಳ ಅಂತರದಲ್ಲಿ ಬರಬೇಕಿತ್ತು. ಆಕಾಶದ ಅದೇ ತುಣುಕಿನಲ್ಲಿ, ಅದೇ ಬಗೆಯ ಸ್ಫೋಟದ ಎರಡು ಸುದ್ದಿ ಎರಡು ಸೆಕೆಂಡಿನೊಳಗೆ ಕಾಕತಾಳೀಯವಾಗಿ ಕೂಡಿಬರುವ ಸಂಭವ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ನಿಜಕ್ಕೂ ಗಟ್ಟಿಯಾದ ಆಕ್ಷೇಪ ಬೇರೆಯದಿದೆ. ಕ್ಲೌಡಿಯಾ ಡಿ ರಾಮ್ ಮತ್ತು ಸ್ಕಾಟ್ ಮೆಲ್ವಿಲ್ 2018ರಲ್ಲಿ ಅದನ್ನು ಎತ್ತಿದರು. ವಿಶ್ವದ ಗಾತ್ರದ ವಿದ್ಯಮಾನಕ್ಕಾಗಿ ಕಟ್ಟಿದ ಸಿದ್ಧಾಂತವೊಂದು ಎಲ್ಲ ಆವೃತ್ತಿಗಳಲ್ಲೂ ಅನ್ವಯಿಸಬೇಕೆಂದಿಲ್ಲ. ಲೈಗೋ ಕೇಳುವ ನೂರು ಹರ್ಟ್ಸ್ ಸುಮಾರಿನ ಆವೃತ್ತಿಗಳು ಅಂಥ ಸಿದ್ಧಾಂತಗಳ ಎಲ್ಲೆಯ ಬಳಿಯೇ ಬೀಳುತ್ತವೆ. ಎಲ್ಲೆ ದಾಟಿದ ಮೇಲೆ ಅಲೆ ಬೆಳಕಿನ ವೇಗಕ್ಕೆ ಮರಳಬಹುದು, ಕಡಿಮೆ ಆವೃತ್ತಿಯಲ್ಲಿ ಬೇರೆ ವೇಗದಲ್ಲೇ ಇರಬಹುದು. ಇದು ನುಣುಚಿಕೊಳ್ಳುವ ಮಾತಲ್ಲ, ಭೌತಶಾಸ್ತ್ರದ ಒಪ್ಪತಕ್ಕ ತರ್ಕ. ಆದರೆ ಇದಕ್ಕೆ ತೆರಬೇಕಾದ ಬೆಲೆಯನ್ನೂ ಗಮನಿಸಬೇಕು. ಸಿದ್ಧಾಂತವನ್ನು ಹೀಗೆ ಉಳಿಸಿಕೊಂಡವರು, ಅದರ ಎಲ್ಲೆಯಾಚೆ ಏನಿದೆ ಎಂದು ಹೇಳುವ ಹೊಣೆಯನ್ನೂ ಹೊತ್ತುಕೊಳ್ಳಬೇಕಾಗುತ್ತದೆ. ಮಿಲಿಹರ್ಟ್ಸ್ ಆವೃತ್ತಿಯಲ್ಲಿ ಕೇಳಲಿರುವ ಬಾಹ್ಯಾಕಾಶ ಶೋಧಕ ಈ ಪ್ರಶ್ನೆಯನ್ನು ನೇರವಾಗಿ ಪರೀಕ್ಷಿಸಬಲ್ಲದು. ಅಲ್ಲಿಯವರೆಗೆ ತಳ್ಳಿಹಾಕಿದ್ದಕ್ಕೆ ಒಂದು ಷರತ್ತು ಅಂಟಿಕೊಂಡಿರುತ್ತದೆ ಎಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ. ಇನ್ನೊಂದು ಎಚ್ಚರಿಕೆಯೂ ಬೇಕು: ಬರಿದಾದ ಅವಕಾಶದ ಶಕ್ತಿ ಎಂದೂ ಬದಲಾಗದು ಎನ್ನುವ ವಿಶ್ವ ಸ್ಥಿರಾಂಕ ವೇಗದ ಪರೀಕ್ಷೆಯಲ್ಲಿ ಪಾಸಾಯಿತು, ಆದರೆ ಕಾಲಕ್ಕೆ ತಕ್ಕಂತೆ ಬದಲಾಗುವ ಸರಳ ಶಕ್ತಿಕ್ಷೇತ್ರಗಳೂ ಪಾಸಾದವು. ಕೆಲವು ಸಿದ್ಧಾಂತಗಳು ವೇಗವನ್ನು ಮುಟ್ಟದೆ, ದಾರಿಯಲ್ಲಿ ಅಲೆ ಕ್ಷೀಣಿಸುವ ದರವನ್ನಷ್ಟೇ ಬದಲಿಸುತ್ತವೆ. ಅಂಥಲ್ಲಿ ಅಲೆಯಿಂದ ಅಳೆದ ದೂರ, ಬೆಳಕಿನಿಂದ ಅಳೆದ ದೂರ ಒಂದಕ್ಕೊಂದು ತಾಳೆಯಾಗುವುದಿಲ್ಲ. ನನ್ನ ಅಂದಾಜಿನಲ್ಲಿ ಮುಂದಿನ ದಶಕಗಳ ಅತಿ ಮುಖ್ಯ ಪರೀಕ್ಷೆ ಇದೇ, ಏಕೆಂದರೆ ಬೆಳಕನ್ನು ಮಾತ್ರ ನಂಬಿದ ಯಾವ ಸಮೀಕ್ಷೆಯೂ ಇದನ್ನು ಮಾಡಲಾರದು.

ಕಪ್ಪುದ್ರವ್ಯದ ಮಟ್ಟಿಗೂ ಆ 1.7 ಸೆಕೆಂಡು ಮಾತಾಡಿತು. ಕಪ್ಪುದ್ರವ್ಯ ಎಂಬುದೇ ಇಲ್ಲ, ನ್ಯೂಟನ್ನನ ನಿಯಮವನ್ನು ತಿದ್ದಿದರೆ ಸಾಕು ಎಂಬ ಪಕ್ಷವನ್ನು 1983ರಲ್ಲಿ ಮೊರ್ದಹಾಯ್ ಮಿಲ್‌ಗ್ರಮ್ ಮಂಡಿಸಿದರು. ಅದನ್ನು ಸಾಪೇಕ್ಷತೆಯ ಭಾಷೆಗೆ ತಂದ ಕೆಲವು ಸಿದ್ಧಾಂತಗಳು ಒಂದು ಉಪಾಯ ಹೂಡಿದವು: ಸಾಮಾನ್ಯ ದ್ರವ್ಯ ಮತ್ತು ಬೆಳಕು ಒಂದು ಜ್ಯಾಮಿತಿಯಲ್ಲಿ ಚಲಿಸುತ್ತವೆ, ಗುರುತ್ವ ಅಲೆಗಳು ಇನ್ನೊಂದರಲ್ಲಿ. ಹೀಗಾದರೆ ದಾರಿಯಲ್ಲಿ ಸಿಗುವ ಗೆಲಾಕ್ಸಿಗಳ ಬಳಿ ಬೆಳಕಿಗೆ ಆಗುವ ವಿಳಂಬವೇ ಬೇರೆ, ಅಲೆಗೆ ಆಗುವ ವಿಳಂಬವೇ ಬೇರೆ ಆಗಬೇಕು. ಹೈದರಾಬಾದ್ ಐಐಟಿಯ ಶಂತನು ದೇಸಾಯಿ ಅವರಿದ್ದ ತಂಡ ಲೆಕ್ಕ ಹಾಕಿದಾಗ, ದಾರಿಯುದ್ದದ ಕಪ್ಪುದ್ರವ್ಯದಿಂದ ಆಗುವ ಆ ವಿಳಂಬ ಸುಮಾರು 400 ದಿನ ಎಂದು ಬಂತು. ಕಂಡ ಅಂತರ ಎರಡು ಸೆಕೆಂಡಿಗೂ ಕಡಿಮೆ. ಈ ಉಪಾಯ ಹೂಡಿದ ಸಿದ್ಧಾಂತಗಳ ಕತೆ ಅಲ್ಲಿಗೆ ಮುಗಿಯಿತು. ಮಿಲ್‌ಗ್ರಮ್ ಅವರ ಮೂಲ ವಿಚಾರ ಮಾತ್ರ ಸಾಯಲಿಲ್ಲ. 2021ರಲ್ಲಿ ಕಾನ್‌ಸ್ಟಾಂಟಿನೋಸ್ ಸ್ಕೋರ್ಡಿಸ್ ಮತ್ತು ಟಾಮ್ ಝ್ಲೋಸ್ನಿಕ್ ಅಲೆ ಬೆಳಕಿನ ವೇಗದಲ್ಲೇ ಸಾಗುವಂಥ ಹೊಸ ರೂಪವೊಂದನ್ನು ಕಟ್ಟಿದರು. ಹೊಸ ಸಾಕ್ಷ್ಯ ಬಂದ ಮೇಲೆ ಹೊಸ ಕ್ಷೇತ್ರಗಳನ್ನು ಸೇರಿಸಿ ಸಿದ್ಧಾಂತ ಹೊಲಿಯುವುದು ಸುಲಭ ಎಂದು ಕೆಲವರು ಮೂದಲಿಸುತ್ತಾರೆ. ಆದರೆ ಸಿಕ್ಕದ ಕಣಗಳ ಬದಲು ಸಿಗಲಾರದ ಕಣಗಳನ್ನು ಊಹಿಸುತ್ತಾ ಬಂದವರಿಗೂ ಈ ಮಾತು ಅಷ್ಟೇ ಸಲ್ಲುತ್ತದೆ.

ಇನ್ನು ದೂರದ ವಿಚಾರ. ಎನ್‌ಜಿಸಿ 4993 ಗೆಲಾಕ್ಸಿ ಹಿಗ್ಗುವಿಕೆಯಿಂದಾಗಿ ನಮ್ಮಿಂದ ಸರಿಯುವ ವೇಗ ಸೆಕೆಂಡಿಗೆ ಸುಮಾರು 3,017 ಕಿಲೋಮೀಟರ್. ಅಲೆ ತಿಳಿಸಿದ ದೂರ ಸುಮಾರು 44 ಮೆಗಾಪಾರ್ಸೆಕ್. ಭಾಗಿಸಿ, ಅನಿಶ್ಚಿತತೆಯನ್ನೂ ಸರಿಯಾಗಿ ಹೊಂದಿಸಿದಾಗ ವಿಶ್ವ ಹಿಗ್ಗುವ ದರ, ಅಂದರೆ ಹಬಲ್ ಸ್ಥಿರಾಂಕ, ಮೆಗಾಪಾರ್ಸೆಕ್ಕಿಗೆ ಸೆಕೆಂಡಿಗೆ 70 ಕಿಲೋಮೀಟರ್ ಎಂದು ಬಂತು. ದೋಷಮಿತಿ ಮೇಲಕ್ಕೆ 12, ಕೆಳಕ್ಕೆ 8. ಈ ಸಂಖ್ಯೆಯ ಸುತ್ತ ಒಂದು ಹಳೆಯ ಜಗಳವಿದೆ. ಆದಿವಿಶ್ವದ ಸೂಕ್ಷ್ಮತರಂಗ ಹಿನ್ನೆಲೆಯನ್ನು ಅಳೆದ ಪ್ಲಾಂಕ್ ಉಪಗ್ರಹದ ಲೆಕ್ಕ 67.4, ಸೆಫೀಡ್ ಮತ್ತು ಸೂಪರ್‌ನೋವಾಗಳ ಏಣಿ ಹತ್ತಿದ ಆಡಮ್ ರೀಸ್ ತಂಡದ ಲೆಕ್ಕ ಸುಮಾರು 73. ಎರಡೂ ಕಡೆಯವರು ಹೇಳುವ ದೋಷಮಿತಿ ತುಂಬ ಚಿಕ್ಕದು, ಆದ್ದರಿಂದ ಇಂದಿನ ವಿಶ್ವಮಾದರಿಯೊಳಗೆ ಇಬ್ಬರೂ ಸರಿಯಾಗಿರಲು ಸಾಧ್ಯವಿಲ್ಲ. ಇಬ್ಬರೂ ಸರಿಯಾದರೆ ವಿಶ್ವದ ಮಾದರಿಯೇ ತಪ್ಪು, ಕಪ್ಪುಶಕ್ತಿಯ ಬಗ್ಗೆ ನಾವಂದುಕೊಂಡದ್ದೂ ಅದರೊಳಗೆ ಬರುತ್ತದೆ. ಸೈರನ್‌ನ 70 ನಡುವೆ ಕೂತಿದೆ, ಯಾರನ್ನೂ ಒಪ್ಪಿಸದು, ಯಾರನ್ನೂ ತಳ್ಳದು. ಅನಿಶ್ಚಿತತೆಗೆ ಮುಖ್ಯ ಕಾರಣ ಜೋಡಿಯ ಓರೆ. ಕಕ್ಷೆ ನಮಗೆ ಎದುರಾಗಿದ್ದರೆ ಅಲೆ ಪ್ರಬಲ, ಅಡ್ಡವಾಗಿದ್ದರೆ ಕ್ಷೀಣ. ಹತ್ತಿರದ ಅಡ್ಡ ಜೋಡಿಯನ್ನೂ ದೂರದ ಎದುರು ಜೋಡಿಯನ್ನೂ ಬೇರ್ಪಡಿಸುವುದು ಕಷ್ಟ. 2019ರಲ್ಲಿ ಕೆಂಟಾ ಹೊಟೊಕೆಝಾಕಾ ಮತ್ತು ಸಂಗಡಿಗರು, ಸ್ಫೋಟದಿಂದ ಚಿಮ್ಮಿದ ಧಾರೆ ಆಕಾಶದಲ್ಲಿ ಸರಿದದ್ದನ್ನು ರೇಡಿಯೋ ದೂರದರ್ಶಕಗಳ ಜಾಲದಿಂದ ಅಳೆದು ಓರೆಯನ್ನು ಕಟ್ಟಿಹಾಕಿದರು. ಅನಿಶ್ಚಿತತೆ ಸುಮಾರು 5ಕ್ಕೆ ಇಳಿಯಿತು.

ಬೆಳಕೂ ಜೊತೆಗೆ ಬರುವ ಇಂಥ ಘಟನೆಗಳು ತೀರಾ ಅಪರೂಪ. 2017ರ ನಂತರ ನಿಸ್ಸಂದೇಹವಾದ ಇನ್ನೊಂದು ಸಿಕ್ಕಿಲ್ಲ. ಸಿಗುತ್ತಿರುವುದು ಕಪ್ಪುಕುಳಿಗಳ ವಿಲೀನ, ಅವುಗಳಿಗೆ ಬೆಳಕಿಲ್ಲ. ಇಲ್ಲಿ ಒಂದು ತೊಡಕಿದೆ. ಅಲೆ ದೂರವನ್ನು ಹೇಳುತ್ತದೆ, ವಿಶ್ವ ಹಿಗ್ಗಿ ದಾರಿಯಲ್ಲಿ ತರಂಗ ಎಷ್ಟು ಉದ್ದವಾಯಿತು ಎಂಬ ಕೆಂಪು ಪಲ್ಲಟವನ್ನು ಹೇಳುವುದಿಲ್ಲ. ದೂರದ ಹಗುರ ಜೋಡಿ ಕೂಡ ಹಿಗ್ಗುವಿಕೆಯಿಂದಾಗಿ ಭಾರವಾದ ಜೋಡಿಯಂತೆಯೇ ಕೇಳಿಸುತ್ತದೆ. ಲಕೋಟೆಯ ಮೇಲೆ ಊರಿನ ಹೆಸರಿದ್ದು ಮನೆಯ ಗುರುತಿಲ್ಲದಿದ್ದರೆ ಅಂಚೆಯವರು ಏನು ಮಾಡುತ್ತಾರೋ ವಿಜ್ಞಾನಿಗಳೂ ಅದನ್ನೇ ಮಾಡುತ್ತಾರೆ: ಆ ದಿಕ್ಕಿನಲ್ಲಿರುವ ಎಲ್ಲ ಗೆಲಾಕ್ಸಿಗಳ ಪಟ್ಟಿ ತೆಗೆದು, ಪ್ರತಿಯೊಂದಕ್ಕೂ ಇಷ್ಟಿಷ್ಟು ಸಂಭವ ಎಂದು ಹಂಚುತ್ತಾರೆ. ಒಂದು ಘಟನೆಯಿಂದ ಹೆಚ್ಚೇನೂ ತಿಳಿಯದು, ನೂರಾರು ಸೇರಿದಾಗ ತಪ್ಪು ಗೆಲಾಕ್ಸಿಗಳ ಕೊಡುಗೆ ಚದುರಿಹೋಗಿ ಸರಿಯಾದವು ಒಂದೆಡೆ ಗುಂಪುಗೂಡುತ್ತವೆ. ಮೊದಲ ಮೂರು ವೀಕ್ಷಣಾ ಅವಧಿಗಳ 47 ಮೂಲಗಳನ್ನು ಹೀಗೆ ಬಳಸಿ, 2017ರ ಘಟನೆಯನ್ನೂ ಕೂಡಿಸಿದಾಗ ಹಬಲ್ ಸ್ಥಿರಾಂಕ ಸುಮಾರು 68 ಎಂದು ಬಂತು, ಅನಿಶ್ಚಿತತೆ ಮೇಲೆ 8, ಕೆಳಗೆ 6. ಇಲ್ಲೊಂದು ಆಕ್ಷೇಪವನ್ನು ಒಪ್ಪಿಕೊಳ್ಳಲೇಬೇಕು. ಸೈರನ್‌ಗಳು ಬೆಳಕಿನಿಂದ ಪೂರ್ತಿ ಸ್ವತಂತ್ರ ಎಂಬ ಪ್ರಚಾರ ಅತಿಯಾಯಿತು. ಕೆಂಪು ಪಲ್ಲಟ ಬರುವುದು ಬೆಳಕಿನಿಂದಲೇ. ಗೆಲಾಕ್ಸಿ ಪಟ್ಟಿಗಳು ದೂರ ಹೋದಂತೆ ಅಪೂರ್ಣ. ಕಪ್ಪುಕುಳಿಗಳ ದ್ರವ್ಯರಾಶಿ ಹೇಗೆ ಹಂಚಿಹೋಗಿದೆ ಎಂಬ ಊಹೆ ಉತ್ತರವನ್ನು ಎಳೆದಾಡುತ್ತದೆ. ಆದರೂ ಸ್ವತಂತ್ರವಾಗಿರಬೇಕಾದದ್ದು ದೂರ, ಅದು ಸ್ವತಂತ್ರವಾಗಿಯೇ ಇದೆ. ಜಗಳ ಇರುವುದು ದೂರದ ಏಣಿಯ ಬಗ್ಗೆಯೇ ಹೊರತು ಕೆಂಪು ಪಲ್ಲಟದ ಬಗ್ಗೆ ಅಲ್ಲ.

ಹಾಗಾದರೆ ಶೇ. 10ರಷ್ಟು ಅನಿಶ್ಚಿತತೆಯ ಈ ಅಳತೆ ಯಾರಿಗೆ ಬೇಕು? ಅಮೆರಿಕದ ಅರಿಝೋನಾದಲ್ಲಿರುವ ಡೆಸಿ ಸಮೀಕ್ಷೆ ಲಕ್ಷಾಂತರ ಗೆಲಾಕ್ಸಿಗಳ ಹಂಚಿಕೆ ಅಳೆದು, 2024 ಮತ್ತು 2025ರಲ್ಲಿ ಕಪ್ಪುಶಕ್ತಿ ಕಾಲಾಂತರದಲ್ಲಿ ದುರ್ಬಲವಾಗುತ್ತಿರಬಹುದು ಎಂಬ ಸುಳಿವನ್ನೇ ಕೊಟ್ಟಿದೆಯಲ್ಲ? ನ್ಯಾಯವಾದ ಪ್ರಶ್ನೆ. ಕಪ್ಪುಶಕ್ತಿಯ ಸ್ವಭಾವದ ಬಗ್ಗೆ ಇಂದು ನೇರ ಸುಳಿವು ಬರುತ್ತಿರುವುದು ಅಂಥ ಸಮೀಕ್ಷೆಗಳಿಂದಲೇ. 2017ರ ಘಟನೆ ನಡೆದದ್ದು ಕಪ್ಪುಶಕ್ತಿಯ ಪರಿಣಾಮ ಕಾಣುವುದಕ್ಕೆ ತೀರಾ ಹತ್ತಿರದಲ್ಲಿ. ಆದರೆ ಡೆಸಿ ಸುಳಿವಿನ ತೂಕ ಯಾವ ಸೂಪರ್‌ನೋವಾ ಪಟ್ಟಿಯನ್ನು ಜೊತೆಗಿಟ್ಟುಕೊಂಡಿರಿ ಎಂಬುದರ ಮೇಲೆ ಬದಲಾಗುತ್ತದೆ: 2025ರ ಲೆಕ್ಕದಲ್ಲಿ ಒಂದರೊಡನೆ 2.8 ಸಿಗ್ಮಾ, ಇನ್ನೊಂದರೊಡನೆ 4.2. ಪಟ್ಟಿ ಬದಲಾದರೆ ವಿಶ್ವದ ಭವಿಷ್ಯ ಬದಲಾಗುತ್ತದೆ ಎಂದರೆ ಕೊರತೆ ಇರುವುದು ನಿಖರತೆಯದಲ್ಲ, ಬೇರೆ ಬಗೆಯ ಸಾಕ್ಷಿಯದು. ಸೂಪರ್‌ನೋವಾದ ಬೆಳಕನ್ನು ದೂಳು ಮಂಕಾಗಿಸುತ್ತದೆ, ಗುರುತ್ವ ಅಲೆಗೆ ದೂಳಿನ ಗೊಡವೆಯಿಲ್ಲ. ಸೂಪರ್‌ನೋವಾದ ಪ್ರಖರತೆ ಅದರ ಗೆಲಾಕ್ಸಿಯ ವಯಸ್ಸಿಗೆ ತಕ್ಕಂತೆ ಬದಲಾಗಬಹುದು, ಕಪ್ಪುಕುಳಿಗಳ ಸಮೀಕರಣಕ್ಕೆ ವಯಸ್ಸಿಲ್ಲ. ಸೈರನ್‌ಗೂ ತನ್ನದೇ ತಪ್ಪುಗಳಿವೆ. ಶೋಧಕದ ಮಾಪನಾಂಕನ ಸ್ವಲ್ಪ ತಪ್ಪಿದರೆ ದೂರವೂ ಅಷ್ಟೇ ತಪ್ಪುತ್ತದೆ. ಆದರೆ ಆ ತಪ್ಪುಗಳು ಬೇರೆ ಮೂಲದವು. ಎರಡು ಬಗೆಯ ಅಳತೆಗಳು ಒಂದೇ ಕಡೆ ತಪ್ಪಲು ಕಾರಣವಿಲ್ಲ.

ಕಪ್ಪುದ್ರವ್ಯದ ಕಡೆ ಅತಿ ರೋಚಕ ಅಧ್ಯಾಯ ಆರಂಭವಾದದ್ದು 2016ರಲ್ಲಿ. ಲೈಗೋ ಕಂಡ ಕಪ್ಪುಕುಳಿಗಳೇ ಕಪ್ಪುದ್ರವ್ಯವಿರಬಹುದೇ ಎಂದು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ತಂಡ ಕೇಳಿತು. ಸೂರ್ಯನ 30 ಪಟ್ಟು ಭಾರದ ಕಪ್ಪುಕುಳಿಗಳು ಅಷ್ಟು ಸಾಮಾನ್ಯ ಎಂದು ಆವರೆಗೆ ಹೆಚ್ಚಿನವರು ನಿರೀಕ್ಷಿಸಿರಲಿಲ್ಲ. ನಕ್ಷತ್ರಗಳು ಸತ್ತು ಹುಟ್ಟಿದವಲ್ಲ, ಮಹಾಸ್ಫೋಟದ ಮೊದಲ ಕ್ಷಣಗಳಲ್ಲೇ ದಟ್ಟ ಪ್ರದೇಶಗಳು ಕುಸಿದು ಆದವು ಎಂಬ ಆದಿಮ ಕಪ್ಪುಕುಳಿಗಳ ವಿಚಾರವನ್ನು ಸ್ಟೀಫನ್ ಹಾಕಿಂಗ್ 1971ರಲ್ಲೇ ಬರೆದಿದ್ದರು. ಕಪ್ಪುದ್ರವ್ಯವೆಲ್ಲ ಇಂಥ ಕುಳಿಗಳಾದರೆ, ಗೆಲಾಕ್ಸಿಗಳಲ್ಲಿ ಅವು ಅಕಸ್ಮಾತ್ತಾಗಿ ಸಂಧಿಸಿ ಕೂಡಿಕೊಳ್ಳುವ ದರ ಲೈಗೋ ಕಂಡ ದರಕ್ಕೆ ಹೆಚ್ಚುಕಡಿಮೆ ಹೊಂದುತ್ತಿತ್ತು. ಈ ಹೊಂದಾಣಿಕೆ ಮನಸ್ಸನ್ನು ಸೆಳೆಯುವಂಥದ್ದು. ಆದರೆ ಅದೇ ವರ್ಷ ಜಪಾನಿನ ಮಿಸಾವೊ ಸಸಾಕಿ ಮತ್ತು ಸಂಗಡಿಗರು ಇನ್ನೊಂದು ಲೆಕ್ಕವನ್ನು ಮುಂದಿಟ್ಟರು. ಆದಿಮ ಕುಳಿಗಳು ಇಂದಷ್ಟೇ ಸಂಧಿಸುವುದಿಲ್ಲ. ವಿಶ್ವ ಇನ್ನೂ ಎಳೆಯದಿದ್ದಾಗಲೇ ಅಕ್ಕಪಕ್ಕದವು ಜೋಡಿಯಾಗಿ, ಈಗ ವಿಲೀನವಾಗುತ್ತಿರಬೇಕು. ಈ ಜೋಡಿಗಳನ್ನು ಎಣಿಸಿದರೆ ಕಪ್ಪುದ್ರವ್ಯವೆಲ್ಲ ಕುಳಿಗಳೇ ಆಗಿದ್ದಲ್ಲಿ ಲೈಗೋ ಕಂಡದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ವಿಲೀನಗಳು ಕಾಣಬೇಕಿತ್ತು. ಕಂಡ ದರದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ, ಈ ಭಾರದ ಆದಿಮ ಕುಳಿಗಳು ಕಪ್ಪುದ್ರವ್ಯದ ಸಾವಿರದಲ್ಲಿ ಕೆಲವೇ ಪಾಲಿಗಿಂತ ಹೆಚ್ಚಿರಲಾರವು.

ಈ ಲೆಕ್ಕದಲ್ಲಿ ಊಹೆಗಳಿವೆ ನಿಜ. ಆದಿಮ ಕುಳಿಗಳು ಗುಂಪುಗುಂಪಾಗಿ ಹುಟ್ಟಿದ್ದರೆ, ನೆರೆಯ ಕುಳಿಗಳು ಜೋಡಿಗಳನ್ನು ಕೆದಕಿ ಬಿಡಿಸಿರಬಹುದು, ಆಗ ವಿಲೀನದ ದರ ತಗ್ಗುತ್ತದೆ ಎಂದು ವಾದಿಸುವವರಿದ್ದಾರೆ. ಇದಕ್ಕೆ ಉತ್ತರ ಗುರುತ್ವ ಅಲೆಗಳಿಂದ ಮಾತ್ರ ಬರಬೇಕಿಲ್ಲ. ಓಗಲ್ ಸಮೀಕ್ಷೆ ದೊಡ್ಡ ಮೆಗೆಲನ್ ಮೋಡದ ನಕ್ಷತ್ರಗಳನ್ನು ಸುಮಾರು 20 ವರ್ಷ ಕಾದು ನೋಡಿ, ಮುಂದೆ ಹಾದುಹೋಗುವ ಕುಳಿಯಿಂದ ನಕ್ಷತ್ರ ತಾತ್ಕಾಲಿಕವಾಗಿ ಬೆಳಗುವ ಪ್ರಸಂಗಗಳನ್ನು ಎಣಿಸಿ 2024ರಲ್ಲಿ ಪ್ರಕಟಿಸಿತು. ಹತ್ತಾರು ಸೂರ್ಯರಷ್ಟು ಭಾರದ ಕುಳಿಗಳು ಕಪ್ಪುದ್ರವ್ಯದ ಹತ್ತನೇ ಒಂದು ಪಾಲಿಗಿಂತ ಹೆಚ್ಚಿರಲಾರವು ಎಂದು ಅದರಿಂದಲೂ ಸಿದ್ಧವಾಯಿತು. ಇನ್ನೂ ಭಾರದ ಕುಳಿಗಳಿಗೆ ಬೇರೊಂದು ಪರೀಕ್ಷೆಯಿದೆ, ಅದರಲ್ಲಿ ಬೆಂಗಳೂರಿನ ಪಾಲೂ ಇದೆ. ಗುರುತ್ವ ಅಲೆಯ ದಾರಿಗೆ ಅಂಥ ಕುಳಿ ಅಡ್ಡ ಬಂದರೆ ಅಲೆ ಬಾಗಿ, ತನ್ನೊಂದಿಗೆ ತಾನೇ ಬೆರೆತು ವಿಕಾರವಾಗುತ್ತದೆ. ಬೆಂಗಳೂರಿನ ಉತ್ತರಕ್ಕೆ ಶಿವಕೋಟೆಯಲ್ಲಿರುವ ಐಸಿಟಿಎಸ್ ಸಂಸ್ಥೆಯ ಪಿ. ಅಜಿತ್ ಮತ್ತು ಸಂಗಡಿಗರು ಅಂಥ ವಿಕಾರ ಯಾವ ಸಂಕೇತದಲ್ಲೂ ಕಾಣದ್ದನ್ನೇ ಆಧಾರವಾಗಿಟ್ಟುಕೊಂಡು, ಸೂರ್ಯನ ನೂರು ಪಟ್ಟಿನಿಂದ ಲಕ್ಷ ಪಟ್ಟು ಭಾರದ ಕಾಯಗಳು ಕಪ್ಪುದ್ರವ್ಯದ ಪೂರ್ತಿ ಪಾಲಾಗಿರಲಾರವು ಎಂದು 2022ರಲ್ಲಿ ತೋರಿಸಿದರು. ಮಿತಿ ಇನ್ನೂ ಸಡಿಲ, ಕಪ್ಪುದ್ರವ್ಯದ ಅರ್ಧಕ್ಕಿಂತ ಹೆಚ್ಚಿಗೆ ಅವಕಾಶ ಉಳಿದೇ ಇದೆ. ಆದರೆ ಶೋಧಿಸಿದ ಸಂಕೇತಗಳ ಸಂಖ್ಯೆ ಹೆಚ್ಚಿದಂತೆ ತಾನಾಗಿ ಬಿಗಿಯಾಗುವ ಮಿತಿ ಅದು. ಕಪ್ಪುದ್ರವ್ಯವೆಲ್ಲ ಆದಿಮ ಕುಳಿಗಳೇ ಆಗಲು ಇಂದು ಉಳಿದಿರುವ ಕಿಟಕಿ ಒಂದೇ: ಕ್ಷುದ್ರಗ್ರಹದಷ್ಟು ಭಾರ, ಪರಮಾಣುವಿನಷ್ಟು ಗಾತ್ರ. ಅವುಗಳ ವಿಲೀನ ಲೈಗೋಗೆ ಕೇಳಿಸದು. ಆದರೆ ಆದಿವಿಶ್ವದಲ್ಲಿ ಅವನ್ನು ಹುಟ್ಟಿಸಿದ ಏರುಪೇರುಗಳು ಗುರುತ್ವ ಅಲೆಗಳ ಹಿನ್ನೆಲೆ ಗುನುಗನ್ನೂ ಹುಟ್ಟಿಸಿರಬೇಕು, ಅದರ ಆವೃತ್ತಿ ಮಿಲಿಹರ್ಟ್ಸ್ ಸುಮಾರಿಗೆ ಬೀಳುತ್ತದೆ.

ಕಪ್ಪುದ್ರವ್ಯ ಕುಳಿಗಳಲ್ಲ, ಅತಿ ಹಗುರ ಕಣಗಳು ಎಂದಾದರೆ? ಆಗ ಕಪ್ಪುಕುಳಿಯೇ ಪ್ರಯೋಗಶಾಲೆ. ಎಲೆಕ್ಟ್ರಾನ್ ವೋಲ್ಟಿನ ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟು ಭಾರದ ಬೋಸಾನ್ ಕಣದ ತರಂಗದ ಅಳತೆ ನೂರಾರು ಕಿಲೋಮೀಟರ್, ಅಂದರೆ ಲೈಗೋ ಕಾಣುವ ಕಪ್ಪುಕುಳಿಗಳ ಗಾತ್ರದ್ದೇ. ವೇಗವಾಗಿ ತಿರುಗುವ ಕುಳಿಯ ಸುತ್ತ ಇಂಥ ಕಣಗಳು ತಿರುಗುವಿಕೆಯ ಶಕ್ತಿಯನ್ನು ಕದ್ದು ಮೋಡದಂತೆ ಬೆಳೆಯುತ್ತವೆ, ಕುಳಿ ನಿಧಾನವಾಗುತ್ತದೆ, ಮೋಡ ಒಂದೇ ಆವೃತ್ತಿಯ ಗುರುತ್ವ ಅಲೆಯನ್ನು ಎಡೆಬಿಡದೆ ಹೊಮ್ಮಿಸುತ್ತದೆ. ಅಂಥ ಎಡೆಬಿಡದ ಅಲೆ ಇದುವರೆಗೆ ಸಿಕ್ಕಿಲ್ಲ. ಕುಳಿಗಳ ಸುತ್ತಲಿನ ಇಂಥ ಕದಡಿಕೆಗಳ ಗಣಿತಕ್ಕೆ ಅಡಿಪಾಯ ಹಾಕಿದವರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಸಿ. ವಿ. ವಿಶ್ವೇಶ್ವರ ಒಬ್ಬರು. ಕದಡಿದ ಕಪ್ಪುಕುಳಿ ತನ್ನದೇ ಆದ ಆವೃತ್ತಿಯಲ್ಲಿ ಮಿಡಿದು ಶಾಂತವಾಗುತ್ತದೆ ಎಂದು ಅವರು 1970ರಲ್ಲಿ ತೋರಿಸಿದರು. ನಂತರ ನಗರದ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾದರು, 2017ರ ಜನವರಿಯಲ್ಲಿ ತೀರಿಕೊಂಡರು. ಶೋಧಕವನ್ನೇ ಕಪ್ಪುದ್ರವ್ಯದ ಬಲೆಯಾಗಿ ಬಳಸುವ ಪ್ರಯತ್ನಗಳೂ ನಡೆದಿವೆ. ಜರ್ಮನಿಯ ಜಿಯೋ 600 ಶೋಧಕದ ದತ್ತಾಂಶದಲ್ಲಿ, ಕಪ್ಪುದ್ರವ್ಯದ ಕ್ಷೇತ್ರ ಕನ್ನಡಿಯ ಗಾತ್ರವನ್ನು ಲಯಬದ್ಧವಾಗಿ ಏರಿಳಿಸಿದ ಗುರುತಿದೆಯೇ ಎಂದು ಹುಡುಕಿ, ಇಲ್ಲ ಎಂದು 2021ರಲ್ಲಿ ವರದಿಯಾಯಿತು. ಇನ್ನೂ ಹಗುರ ಕಣಗಳಿಗೆ ಪಲ್ಸಾರ್‌ಗಳ ಕಾಲಮಾಪನ ನೆರವಾಗುತ್ತದೆ. 2023ರ ಜೂನ್‌ನಲ್ಲಿ ನ್ಯಾನೋಹರ್ಟ್ಸ್ ಗುರುತ್ವ ಅಲೆಗಳ ಹಿನ್ನೆಲೆಗೆ ಸಾಕ್ಷ್ಯ ಪ್ರಕಟಿಸಿದ ಗುಂಪುಗಳಲ್ಲಿ, ಪುಣೆ ಬಳಿಯ ಜಿಎಂಆರ್‌ಟಿ ದೂರದರ್ಶಕ ಬಳಸುವ ಭಾರತದ ಗುಂಪೂ ಯುರೋಪಿನವರ ಜೊತೆಗಿತ್ತು.

ಇಷ್ಟೆಲ್ಲ ಇಲ್ಲಗಳ ನಡುವೆ ಒಂದು ಹೌದು ಸಿಗುವ ಆಸೆ ಎಲ್ಲಿದೆ ಎಂದರೆ, ಬಾಹ್ಯಾಕಾಶದಲ್ಲಿ. ಯುರೋಪಿನ ಬಾಹ್ಯಾಕಾಶ ಸಂಸ್ಥೆ 2024ರ ಜನವರಿಯಲ್ಲಿ, ಮಿಲಿಹರ್ಟ್ಸ್ ಅಲೆಗಳನ್ನು ಕೇಳಲಿರುವ ಲೀಸಾ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಒಂದಕ್ಕೊಂದು 25 ಲಕ್ಷ ಕಿಲೋಮೀಟರ್ ದೂರದಲ್ಲಿ ಸಾಗುವ ಮೂರು ನೌಕೆಗಳು 2035ರ ಸುಮಾರಿಗೆ ಹಾರಬೇಕಿವೆ. ದೊಡ್ಡ ಕಪ್ಪುಕುಳಿಯ ಸುತ್ತ ಚಿಕ್ಕದೊಂದು ಸಾವಿರಾರು ಬಾರಿ ಸುತ್ತಿ ಒಳಗಿಳಿಯುವಾಗ, ಅಲ್ಲಿ ಕಪ್ಪುದ್ರವ್ಯ ದಟ್ಟವಾಗಿ ನೆರೆದಿದ್ದರೆ ಅದರ ಎಳೆತಕ್ಕೆ ಸುತ್ತುಗಳ ಲಯ ಸ್ವಲ್ಪಸ್ವಲ್ಪವೇ ತಪ್ಪುತ್ತದೆ. ಸಾವಿರಾರು ಸುತ್ತುಗಳ ಮೇಲೆ ಕೂಡಿಕೊಂಡ ಈ ತಪ್ಪನ್ನು ಅಳೆಯಬಹುದು, ಅಷ್ಟೇ ಅಲ್ಲ, ದ್ರವ್ಯ ಎಷ್ಟು ದಟ್ಟವಾಗಿದೆ ಎಂದೂ ಹೇಳಬಹುದು. ಅನಿಲದ ತಟ್ಟೆಯೂ ಇಂಥದೇ ಎಳೆತ ಕೊಡಬಹುದಲ್ಲ ಎಂಬ ಆಕ್ಷೇಪಕ್ಕೆ, ಎರಡರ ಎಳೆತ ಆವೃತ್ತಿಯೊಂದಿಗೆ ಬದಲಾಗುವ ರೀತಿ ಬೇರೆ ಎಂಬ ಉತ್ತರ ಕಾಗದದ ಮೇಲೆ ಸಿದ್ಧವಿದೆ, ಆಕಾಶದಲ್ಲಿ ಪರೀಕ್ಷೆಯಾಗಿಲ್ಲ. ಭೂಮಿಯ ಮೇಲೆ ಯುರೋಪಿನ ಐನ್‌ಸ್ಟೈನ್ ದೂರದರ್ಶಕ ಮತ್ತು ಅಮೆರಿಕದ 40 ಕಿಲೋಮೀಟರ್ ತೋಳಿನ ಕಾಸ್ಮಿಕ್ ಎಕ್ಸ್‌ಪ್ಲೋರರ್ ಇನ್ನೂ ಯೋಜನೆಯ ಹಂತದಲ್ಲಿವೆ. ಹಬಲ್ ಸ್ಥಿರಾಂಕದ ಜಗಳ ಬಗೆಹರಿಸಲು ಮಾತ್ರ ಅಷ್ಟು ಕಾಯಬೇಕಿಲ್ಲ. ಬೆಳಕಿನ ಜೊತೆ ಬರುವ ಘಟನೆಗಳು ಐವತ್ತರಷ್ಟು ಸಿಕ್ಕರೆ ಅನಿಶ್ಚಿತತೆ ಶೇ. 2ರ ಸುಮಾರಿಗೆ ಇಳಿಯುತ್ತದೆ. ಅದಕ್ಕೆ ಬೇಕಾದದ್ದು ಮೂಲ ಆಕಾಶದಲ್ಲಿ ಎಲ್ಲಿದೆ ಎಂದು ಬೇಗ, ಬಿಗಿಯಾಗಿ ಹೇಳುವ ಶಕ್ತಿ. ಅದು ಶೋಧಕಗಳು ಭೂಗೋಳದ ಮೇಲೆ ಎಷ್ಟು ದೂರದೂರ ಇವೆ ಎಂಬುದನ್ನು ಅವಲಂಬಿಸಿದೆ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾದಲ್ಲಿ 4 ಕಿಲೋಮೀಟರ್ ತೋಳಿನ ಲೈಗೋ ಇಂಡಿಯಾ ಕಟ್ಟಲು ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ 2,600 ಕೋಟಿ ರೂಪಾಯಿಗೆ ಮಂಜೂರಾತಿ ಕೊಟ್ಟಿದೆ.